ಎಣ್ಣೆಯ ಕೆಲಸ ಮಾಡುವ ಬಿಸಿಗಾಳಿ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸಂಜೆಯ ಹೊತ್ತು ನಡೆದರೆ ಮೆಣಸಿನಕಾಯಿ ಬಜ್ಜಿಯ ವಾಸನೆ ದೂರದಿಂದಲೇ ಮೂಗಿಗೆ ಬಡಿಯುತ್ತದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ 'ಚುಂಯ್' ಎಂದು ಸದ್ದಾಗುತ್ತದೆ. ಎರಡೇ ನಿಮಿಷದಲ್ಲಿ ಬಜ್ಜಿ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಮೇಲೆ ತೇಲುತ್ತದೆ. ಈಗ ಅಂಗಡಿಗಳಲ್ಲಿ 'ಏರ್ ಫ್ರೈಯರ್' ಎಂಬ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂದಿದೆ. ಬಕೆಟ್ಟಿನಷ್ಟು ಎತ್ತರ, ಮುಂದೊಂದು ಹಿಡಿ, ಹಿಡಿ ಎಳೆದರೆ ಹೊರಬರುವ ಬುಟ್ಟಿ. 'ಎಣ್ಣೆಯಿಲ್ಲದೆ ಕರಿಯಿರಿ' ಎಂಬುದು ಅದರ ಜಾಹೀರಾತು. ಮಕ್ಕಳೇ, ಎಣ್ಣೆಯಿಲ್ಲದೆ ಕರಿಯಲು ಸಾಧ್ಯವೇ? ನಿಮ್ಮ ಮನೆಯಲ್ಲಿ ಇದನ್ನು ಕೊಳ್ಳುವ ಮಾತು ಬಂದರೆ ನೀವು ಏನು ಹೇಳುತ್ತೀರಿ? ಉತ್ತರಕ್ಕೆ ಮೊದಲು ಬಾಣಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯಬೇಕು.

ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. (ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ!) ನೀರನ್ನು ಎಷ್ಟು ಹೊತ್ತು ಕುದಿಸಿದರೂ ಅದರ ಬಿಸಿ ಇದಕ್ಕಿಂತ ಮೇಲೇರುವುದಿಲ್ಲ. ಎಣ್ಣೆ ಹಾಗಲ್ಲ. ಕರಿಯುವಾಗ ಅದರ ತಾಪ 170ರಿಂದ 190 ಡಿಗ್ರಿಯವರೆಗೆ ಇರುತ್ತದೆ. ಇಂತಹ ಎಣ್ಣೆಗೆ ಹಸಿ ಹಿಟ್ಟು ಬಿದ್ದಾಗ ಅದರ ಮೇಲ್ಮೈಯಲ್ಲಿರುವ ನೀರು ಕೂಡಲೇ ಆವಿಯಾಗುತ್ತದೆ. ಆ ಆವಿ ಗುಳ್ಳೆಗಳಾಗಿ ಹೊರಗೆ ನುಗ್ಗುವ ಸದ್ದೇ ನಾವು ಕೇಳುವ 'ಚುಂಯ್'. ಬಜ್ಜಿ ಹದವಾಗಿ ಬೆಂದಂತೆ ಸದ್ದು ಕಡಿಮೆಯಾಗುವುದನ್ನು ಗಮನಿಸಿದ್ದೀರಾ? ಮೇಲ್ಪದರದ ನೀರು ಮುಗಿಯುತ್ತಾ ಬಂದಿತು ಎಂದು ಅದರ ಅರ್ಥ. ಅಡುಗೆ ಬಲ್ಲ ಅಜ್ಜಿಯರು ಸದ್ದು ಕೇಳಿಯೇ ಜಾಲರಿ ಸೌಟು ಹಿಡಿಯುತ್ತಾರೆ.

ನೀರು ಇರುವವರೆಗೆ ಆ ಜಾಗದ ತಾಪ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಹೋದ ಮೇಲೆ ಹೊರಪದರ 140 ಡಿಗ್ರಿ ದಾಟುತ್ತದೆ. ಆಗ ಹಿಟ್ಟಿನಲ್ಲಿರುವ ಸಕ್ಕರೆಗಳೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಒಂದರೊಡನೊಂದು ವರ್ತಿಸಿ ಹೊಂಬಣ್ಣ, ಘಮ, ರುಚಿ ಕೊಡುವ ನೂರಾರು ಹೊಸ ವಸ್ತುಗಳಾಗುತ್ತವೆ. ಫ್ರಾನ್ಸಿನ ಲೂಯಿ ಕಮೀ ಮಯ್ಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ದೋಸೆಯ ಕೆಂಪು, ಸುಟ್ಟ ಜೋಳದ ಕಂದು, ಬ್ರೆಡ್ಡಿನ ಮೇಲಿನ ಸಿಪ್ಪೆಯ ಬಣ್ಣ ಎಲ್ಲದರಲ್ಲೂ ಅದರ ಕೈವಾಡವಿದೆ. ಇಡ್ಲಿ ಮಾತ್ರ ಹಬೆಯಲ್ಲಿ ಬೇಯುವುದರಿಂದ ಬೆಳ್ಳಗೇ ಉಳಿಯುತ್ತದೆ.

ಹಾಗಾದರೆ ಗರಿಗರಿಯಾಗಲು ಬೇಕಾದದ್ದು ಎರಡು: ಮೇಲ್ಮೈಯ ನೀರು ಬೇಗ ಹೋಗಬೇಕು, ಬಳಿಕ ಅದು ಚೆನ್ನಾಗಿ ಕಾಯಬೇಕು. ಈ ಕೆಲಸ ಎಣ್ಣೆಯಿಂದಲೇ ಆಗಬೇಕೆಂದೇನೂ ಇಲ್ಲ. ಬಿಸಿಗಾಳಿಯಿಂದಲೂ ಆಗಬಹುದು. ಆದರೆ ಗಾಳಿಗೆ ಒಂದು ದೊಡ್ಡ ಕೊರತೆಯಿದೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 900 ಗ್ರಾಂ. 180 ಡಿಗ್ರಿಗೆ ಕಾದ ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಂ ಕೂಡ ಇಲ್ಲ! ಇಷ್ಟು ಹಗುರವಾದ ವಸ್ತು ಎಷ್ಟು ಉಷ್ಣವನ್ನು ಹೊತ್ತು ತಂದೀತು? ಸಾಲದೆಂದು, ಹಸಿ ಪದಾರ್ಥದ ಸುತ್ತ ತೇವ ತುಂಬಿದ ತಂಪು ಗಾಳಿಯ ತೆಳುವಾದ ಪದರವೊಂದು ಹೊದಿಕೆಯಂತೆ ಅಂಟಿಕೊಂಡಿರುತ್ತದೆ. ಅದು ಬಿಸಿಯನ್ನು ಒಳಗೆ ಬಿಡುವುದಿಲ್ಲ, ಆವಿಯನ್ನು ಬೇಗ ಹೊರಗೂ ಬಿಡುವುದಿಲ್ಲ.

ಈ ಹೊದಿಕೆಯನ್ನು ಕಿತ್ತೊಗೆಯುವ ಉಪಾಯ ನಿಮಗೆ ಗೊತ್ತಿರುವುದೇ. ಚಾಮರಾಜನಗರ ಜಿಲ್ಲೆಯಲ್ಲಿ ಅರಿಸಿನ ಕಿತ್ತು ಬೇಯಿಸಿದ ಮೇಲೆ ಅಂಗಳದಲ್ಲಿ, ಕಣದಲ್ಲಿ ಹರಡುತ್ತಾರಲ್ಲವೇ? ಬಿಸಿಲು ಒಂದೇ ಆಗಿದ್ದರೂ ಗಾಳಿ ಬೀಸುವ ದಿನ ಅದು ಬೇಗ ಒಣಗುತ್ತದೆ. ಬಿಸಿ ಮುದ್ದೆ ತಿನ್ನುವಾಗ 'ಉಫ್' ಎಂದು ಊದುತ್ತೇವೆ. ಊದಿದ ಗಾಳಿ ಮುದ್ದೆಯ ಸುತ್ತಲಿನ ಬಿಸಿ ಪದರವನ್ನು ತಳ್ಳುತ್ತದೆ, ಮುದ್ದೆ ಆರುತ್ತದೆ. ಊದುವ ಗಾಳಿ ಮುದ್ದೆಗಿಂತ ಬಿಸಿಯಾಗಿದ್ದರೆ? ಆಗ ಇದೇ ಉಪಾಯ ತಿರುಗುಮುರುಗಾಗುತ್ತದೆ: ಮುದ್ದೆ ಇನ್ನಷ್ಟು ಬೇಗ ಕಾಯುತ್ತದೆ. ದ್ರವ ಅಥವಾ ಅನಿಲ ತಾನೇ ಚಲಿಸುತ್ತಾ ಉಷ್ಣವನ್ನು ಹೊತ್ತೊಯ್ಯುವುದನ್ನು 'ಉಷ್ಣಸಂವಹನ' ಎನ್ನುತ್ತೇವೆ. ಅದನ್ನು ಫ್ಯಾನ್ ಹಾಕಿ ಬಲವಂತವಾಗಿ ನಡೆಸುವುದೇ ಏರ್ ಫ್ರೈಯರ್‌ನ ಗುಟ್ಟು.

ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಾಯಿಸುವ ಸುರುಳಿ ಇದೆ. ಅದರ ಮೇಲೆ ವೇಗವಾಗಿ ತಿರುಗುವ ಫ್ಯಾನ್ ಇದೆ. ಕೆಳಗೆ ತೂತುಗಳಿರುವ ಬುಟ್ಟಿ. ಬಿಸಿಗಾಳಿ ಆ ಇಕ್ಕಟ್ಟಿನಲ್ಲಿ ಪದಾರ್ಥದ ಮೇಲೂ ಕೆಳಗೂ ಸುತ್ತಿ ಸುತ್ತಿ ಹರಿಯುತ್ತದೆ. ಬಳಸಿದವರಿಗೆ ಇದರ 'ಗುಂಯ್' ಸದ್ದು ಪರಿಚಿತ. ನಿಜ ಹೇಳಬೇಕೆಂದರೆ ಇದು ಕರಿಯುವ ಯಂತ್ರವೇ ಅಲ್ಲ. ಇದು ಫ್ಯಾನ್ ಇರುವ ಪುಟ್ಟ ಒಲೆ, ಬೇಕರಿಯ ಓವನ್‌ನ ತಮ್ಮ. ಇದರ ಹಿಂದಿನ ಕಲ್ಪನೆಯೂ ಹೊಸದಲ್ಲ. 1945ರ ಸುಮಾರಿಗೆ ಅಮೆರಿಕದ ವಿಲಿಯಂ ಮ್ಯಾಕ್ಸನ್ ಎಂಬಾತ ವಿಮಾನಗಳಲ್ಲಿ ಹೆಪ್ಪುಗಟ್ಟಿಸಿದ ಊಟವನ್ನು ಬಿಸಿಮಾಡಲು ಫ್ಯಾನ್ ಇರುವ ಒಲೆಯನ್ನು ತಯಾರಿಸಿದ್ದ. ನೆದರ್‌ಲ್ಯಾಂಡ್ಸ್‌ನ ಫ್ರೆಡ್ ಫಾನ್ ಡೆರ್ ವೇಯ್ ರೂಪಿಸಿದ ಮಾದರಿಯನ್ನು ಆಧರಿಸಿ ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್‌ನ ಪ್ರದರ್ಶನದಲ್ಲಿ 'ಏರ್ ಫ್ರೈಯರ್' ಎಂಬ ಹೆಸರಿನಿಂದ ತೋರಿಸಿತು. ಹೆಸರಿನಲ್ಲಿ 'ಕರಿಯುವುದು' ಸೇರಿದ್ದರಿಂದಲೇ ಕೊಳ್ಳುವವರಿಗೆ ಗೊಂದಲ ಹುಟ್ಟಿತು ಎನ್ನಬಹುದು.

ಓವನ್ ಎಂದು ತಿಳಿದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನೀವೇ ಊಹಿಸಬಹುದು. ಮೆಣಸಿನಕಾಯಿ ಬಜ್ಜಿಯನ್ನೇ ತೆಗೆದುಕೊಳ್ಳಿ. ಕಾದ ಎಣ್ಣೆಯಲ್ಲಿ ಹಿಟ್ಟು ಮುಳುಗಿದ ಕ್ಷಣವೇ ಸುತ್ತಲೂ ಗಟ್ಟಿಯಾಗುತ್ತದೆ. ಬಿಸಿಗಾಳಿಗೆ ಅಷ್ಟು ಅವಸರವಿಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ಬುಟ್ಟಿಯ ತೂತುಗಳಿಂದ ತೊಟ್ಟಿಕ್ಕಿ, ಕೊನೆಗೆ ಬರಿಯ ಮೆಣಸಿನಕಾಯಿ ಉಳಿಯುತ್ತದೆ. ಪೂರಿಯೂ ಸರಿಯಾಗಿ ಉಬ್ಬುವುದು ಕಷ್ಟ. ಗಟ್ಟಿಯಾಗಿ ತಟ್ಟಿದ ಮಸಾಲೆ ವಡೆಗೆ ಸ್ವಲ್ಪ ಎಣ್ಣೆ ಸವರಿದರೆ ಪರವಾಗಿಲ್ಲ ಎನ್ನುವಂತೆ ಬರುತ್ತದೆ. ಆದರೆ ಆಲೂಗೆಡ್ಡೆ ಹೋಳು, ಗೆಣಸು, ಕಡಲೆಕಾಯಿ ಬೀಜ, ಮಸಾಲೆ ಹಚ್ಚಿದ ಮೀನು, ಗೊಜ್ಜಿಗೆ ಸುಡುವ ಬದನೆಕಾಯಿ ಇವೆಲ್ಲ ಸೊಗಸಾಗಿ ಬರುತ್ತವೆ. ಕೆಂಡದಲ್ಲಿ ಸುಟ್ಟ ಗೆಣಸಿನ ಹೊಗೆಯ ಪರಿಮಳ ಮಾತ್ರ ಸಿಗುವುದಿಲ್ಲ. ಹಪ್ಪಳದ ಬಗ್ಗೆ ಎಚ್ಚರ! ಅದು ಹಗುರವಾದ್ದರಿಂದ ಫ್ಯಾನಿನ ಗಾಳಿಗೆ ಹಾರಿ ಮೇಲಿನ ಸುರುಳಿಗೆ ತಗುಲಿ ಹೊತ್ತಿಕೊಳ್ಳಬಹುದು. ಅದರ ಮೇಲೆ ಸ್ಟೀಲಿನ ಸಣ್ಣ ಜಾಲರಿ ಇಡಬೇಕು.

ಗುಂಡ್ಲುಪೇಟೆಯ ತೋಟಗಳಲ್ಲಿ ಬೆಳೆಯುವ ನೇಂದ್ರ ಬಾಳೆ ಕೇರಳಕ್ಕೆ ಹೋಗಿ ಚಿಪ್ಸ್ ಆಗುವುದನ್ನು ನೀವು ಕೇಳಿರಬಹುದು. ಅಲ್ಲಿ ಅದನ್ನು ತೆಂಗಿನೆಣ್ಣೆಯಲ್ಲಿ ಕರಿಯುತ್ತಾರೆ. ಹೋಳಿನಿಂದ ನೀರು ಹೊರಟ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಬಾಣಲೆಯಿಂದ ತೆಗೆದು ಆರುವಾಗ ಮೈಗೆ ಅಂಟಿದ ಎಣ್ಣೆ ಆ ಪೊಳ್ಳುಗಳಿಗೆ ಹೀರಿಕೊಳ್ಳುತ್ತದೆ. ಅಂಗಡಿಯ ಆಲೂಗೆಡ್ಡೆ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆಯೇ ಇರುತ್ತದೆ! ಅದೇ ಹೋಳನ್ನು ಏರ್ ಫ್ರೈಯರ್‌ನಲ್ಲಿ ಇಟ್ಟರೆ ಒಂದೆರಡು ಚಮಚ ಎಣ್ಣೆ ಸಾಕು. ಆದರೆ ಪೊಳ್ಳುಗಳಲ್ಲಿ ಎಣ್ಣೆಯಿಲ್ಲದ್ದರಿಂದ ಬಾಯಿಗೆ ಒಣಕಲು ಎನಿಸುತ್ತದೆ. ಕೇರಳದ ಚಿಪ್ಸ್‌ನ ರುಚಿಯೇ ಬೇಕೆನ್ನುವವರಿಗೆ ಇದು ಹಿಡಿಸಲಾರದು.

ಎಣ್ಣೆ ಕಡಿಮೆಯಾಗುವುದರಿಂದ ಲಾಭವಂತೂ ಇದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಕಪ್ಪಾಗಿ ಮಂದವಾಗುತ್ತದೆ, 'ಧ್ರುವೀಯ ಸಂಯುಕ್ತ'ಗಳೆಂಬ ಕೆಟ್ಟ ವಸ್ತುಗಳು ಅದರಲ್ಲಿ ಹೆಚ್ಚುತ್ತವೆ. ಇವು ನೂರಕ್ಕೆ 25 ಪಾಲು ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಗೆ ಬಂದಿತು. ಏರ್ ಫ್ರೈಯರ್‌ನಲ್ಲಿ ಉಳಿದ ಎಣ್ಣೆಯ ಪ್ರಶ್ನೆಯೇ ಇಲ್ಲ. ಬಾಣಲೆ ಮಗುಚಿ ಸುಟ್ಟುಕೊಳ್ಳುವ ಭಯವೂ ಇಲ್ಲ. ಆದರೆ 'ಎಣ್ಣೆ ಇಲ್ಲ, ಆದ್ದರಿಂದ ಎಷ್ಟು ಬೇಕಾದರೂ ತಿನ್ನಬಹುದು' ಎಂದುಕೊಳ್ಳುವುದು ತಪ್ಪು. ಆಲೂಗೆಡ್ಡೆಯಂತಹ ಪಿಷ್ಟವುಳ್ಳ ಪದಾರ್ಥಗಳು 120 ಡಿಗ್ರಿಗಿಂತ ಹೆಚ್ಚು ಕಾದಾಗ 'ಅಕ್ರಿಲಮೈಡ್' ಎಂಬ ವಸ್ತು ಹುಟ್ಟುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಅದು ಹೆಚ್ಚಾಗಿ ದೇಹ ಸೇರುವುದು ಒಳ್ಳೆಯದಲ್ಲ. ಎಣ್ಣೆಯಲ್ಲಾಗಲಿ ಗಾಳಿಯಲ್ಲಾಗಲಿ ಕಪ್ಪಗೆ ಸುಟ್ಟಷ್ಟೂ ಅದು ಹೆಚ್ಚು. ಹೊಂಬಣ್ಣಕ್ಕೆ ಬಂದಾಗಲೇ ನಿಲ್ಲಿಸಬೇಕು.

ಈಗ ಕೊಳ್ಳುವ ವಿಚಾರಕ್ಕೆ ಬರೋಣ. ಅಂಗಡಿಯವರು ಬಣ್ಣ, ಗುಂಡಿ, ಪರದೆ ಎಲ್ಲ ತೋರಿಸುತ್ತಾರೆ. ನೀವು ನೋಡಬೇಕಾದದ್ದು ಹಿಂಭಾಗದಲ್ಲೋ ತಳದಲ್ಲೋ ಅಂಟಿಸಿರುವ ಚೀಟಿಯನ್ನು. ಅದರಲ್ಲಿ ವ್ಯಾಟ್ ಎಷ್ಟೆಂದು ಬರೆದಿರುತ್ತದೆ. 1500 ವ್ಯಾಟ್ ಎಂದಿದೆ ಎನ್ನಿ. ತರಗತಿಯ ಒಂದು ಫ್ಯಾನ್ 75 ವ್ಯಾಟ್ ಎಂದಿಟ್ಟುಕೊಂಡರೆ ಇದು ಇಪ್ಪತ್ತು ಫ್ಯಾನಿಗೆ ಸಮ! 1500ನ್ನು ನಮ್ಮ ಮನೆಗಳ 230 ವೋಲ್ಟ್‌ನಿಂದ ಭಾಗಿಸಿದರೆ ಹರಿಯುವ ವಿದ್ಯುತ್ ಸಿಗುತ್ತದೆ: ಸುಮಾರು ಆರೂವರೆ ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ ತಾಳಿಕೊಳ್ಳುವುದು 6 ಆಂಪಿಯರ್ ಮಾತ್ರ. ಆದ್ದರಿಂದ ದೊಡ್ಡ ತೂತುಗಳ 16 ಆಂಪಿಯರ್ ಸಾಕೆಟ್ಟೂ, ಅದಕ್ಕೆ ತಕ್ಕ ದಪ್ಪ ತಂತಿಯೂ, ಸರಿಯಾದ ಭೂಸಂಪರ್ಕವೂ ಮನೆಯಲ್ಲಿ ಇರಬೇಕು. ಇವು ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಆಮೇಲೆ ಪೆಟ್ಟಿಗೆ ತನ್ನಿ. ಸಣ್ಣ ಸಾಕೆಟ್ಟಿಗೆ ಬೇರೆ ಪ್ಲಗ್ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಎಳೆದು ನಡೆಸಿದರೆ ತಂತಿ ಕಾದು ಕರಗಿ ಬೆಂಕಿ ಹತ್ತಬಹುದು.

ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಹೊತ್ತಿನಲ್ಲಿ ಪಂಪ್‌ಸೆಟ್‌ಗಳೆಲ್ಲ ಚಾಲೂ ಆದಾಗ ಬಲ್ಬು ಮಂಕಾಗುವುದನ್ನು ನೋಡಿದ್ದೀರಲ್ಲ? ಆಗ ವೋಲ್ಟೇಜ್ ಇಳಿದಿರುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ 1500 ವ್ಯಾಟಿನ ಸುರುಳಿ ಸುಮಾರು 920 ವ್ಯಾಟಿನಷ್ಟೇ ಉಷ್ಣ ಕೊಡುತ್ತದೆ. ವೋಲ್ಟೇಜ್ ಇಳಿದದ್ದು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಉಷ್ಣ ಇಳಿದದ್ದು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು! ಪುಸ್ತಕದಲ್ಲಿ 15 ನಿಮಿಷ ಎಂದು ಬರೆದಿದ್ದರೂ ಅಂದು 20 ನಿಮಿಷ ಕಾಯಬೇಕಾದೀತು. ಹಾಗಾಗಿ ಗಡಿಯಾರಕ್ಕಿಂತ ಪದಾರ್ಥದ ಬಣ್ಣವನ್ನೇ ನಂಬಿ. ಖರ್ಚಿನ ಲೆಕ್ಕ ಸುಲಭ. 1500 ವ್ಯಾಟ್ 20 ನಿಮಿಷ ಉರಿದರೆ ಹೆಚ್ಚೆಂದರೆ ಅರ್ಧ ಯೂನಿಟ್.

ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಬುಟ್ಟಿಯ ಗಾತ್ರವನ್ನು ಹೇಳುತ್ತದೆ. ಬುಟ್ಟಿ ತುಂಬ ತುಂಬಿದರೆ ಗಾಳಿ ನುಸುಳಲು ಜಾಗವಿಲ್ಲದೆ ಹೋಳುಗಳು ಮೆತ್ತಗೆ ಬೆಂದು ಕೂರುತ್ತವೆ. ಒಂದೇ ಪದರವಾಗಿ ಹರಡಬೇಕು. ನಾಲ್ಕು ಜನರ ಮನೆಗೆ 4ರಿಂದ 5 ಲೀಟರಿನದು ಬೇಕು. ಎಂಟು ಹತ್ತು ಮಂದಿ ಒಟ್ಟಿಗೆ ಕೂತು ತಿನ್ನುವ ಮನೆಯಲ್ಲಿ ಸರದಿ ಸರದಿಯಾಗಿ ಇಟ್ಟು ಮುಗಿಯುವಷ್ಟರಲ್ಲಿ ಮೊದಲಿನದು ಆರಿರುತ್ತದೆ. ಅಂತಹ ಮನೆಗೆ ಇದು ತಕ್ಕದ್ದಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲ ಸಲಕ್ಕೆ ಆಲೂಗೆಡ್ಡೆಯೇ ಸರಿ. ಹಿರಿಯರ ಜೊತೆಯಲ್ಲಿ ಮಾಡಿ. ಬೆರಳಿನಷ್ಟು ದಪ್ಪ ಹೋಳು ಮಾಡಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಮೇಲಿನ ಪಿಷ್ಟ ತೊಳೆದುಹೋಗುತ್ತದೆ. ಬಳಿಕ ಬಟ್ಟೆಯಲ್ಲಿ ಒತ್ತಿ ಒರೆಸಿ. ಹೆಚ್ಚಿನವರು ಈ ಹೆಜ್ಜೆಯನ್ನೇ ಬಿಡುತ್ತಾರೆ. ಮೇಲೆ ನೀರು ಉಳಿದರೆ ಅದನ್ನು ಆವಿ ಮಾಡುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಒಂದು ಚಮಚ ಎಣ್ಣೆ ಸವರಿ 180 ಡಿಗ್ರಿಯಲ್ಲಿಡಿ, ನಡುವೆ ಒಮ್ಮೆ ಬುಟ್ಟಿ ಕುಲುಕಿ. ಪೆಟ್ಟಿಗೆಯ ಹಿಂದಿನಿಂದ ಬಿಸಿಗಾಳಿ ಹೊರಬರುವುದರಿಂದ ಗೋಡೆಯಿಂದ ಒಂದು ಗೇಣು ದೂರವಿರಲಿ. ಬುಟ್ಟಿಗೆ ಎಣ್ಣೆ ಸುರಿಯಲೇಬಾರದು. ಒಳಗಿನ ಕಪ್ಪು ಲೇಪನ ಎದ್ದುಬರದಂತೆ ಸ್ಟೀಲಿನ ನಾರಿನಿಂದ ಉಜ್ಜದೆ, ಆರಿದ ಮೇಲೆ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು.

ಏರ್ ಫ್ರೈಯರ್ ಇಲ್ಲದೆಯೂ ಅದರ ತತ್ವವನ್ನು ಶಾಲೆಯಲ್ಲಿ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಒಂದೇ ಬಿಸಿಯ ನೀರನ್ನು ಶಿಕ್ಷಕರು ಹಾಕಿಕೊಡಲಿ. ಎರಡಕ್ಕೂ ತಟ್ಟೆ ಮುಚ್ಚಿ. ಒಂದನ್ನು ಫ್ಯಾನಿನ ಕೆಳಗೆ, ಇನ್ನೊಂದನ್ನು ಗಾಳಿಯಾಡದ ಮೂಲೆಯಲ್ಲಿಡಿ. ಐದೈದು ನಿಮಿಷಕ್ಕೊಮ್ಮೆ ಪ್ರಯೋಗಾಲಯದ ಉಷ್ಣತಾಮಾಪಕದಿಂದ ಅಳೆದು ಬರೆದುಕೊಳ್ಳಿ (ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆಯುತ್ತದೆ). ಮರುದಿನ ತಟ್ಟೆ ಮುಚ್ಚದೆ ಇದೇ ಪ್ರಯೋಗ ಮಾಡಿ. ಎರಡು ಲೋಟಗಳ ನಡುವಿನ ವ್ಯತ್ಯಾಸ ಈ ಸಲ ಹೆಚ್ಚಿತೇ? ಹೆಚ್ಚಿದ್ದರೆ ಏಕೆ?