ಬೂದಿರೋಗಕ್ಕೆ ಹುಳಿಮಜ್ಜಿಗೆಯ ಉಪಯೋಗ

ಹಗಲು ಒಣಹವೆಯೂ ರಾತ್ರಿ ತಂಪೂ ಇರುವ ದಿನಗಳಲ್ಲಿ ಬಟಾಣಿ, ಸೌತೆ, ಕುಂಬಳ, ದ್ರಾಕ್ಷಿ ಮೊದಲಾದವುಗಳ ಎಲೆಗಳ ಮೇಲೆ ಒಲೆಯ ಬೂದಿಯನ್ನು ಉದುರಿಸಿದಂತೆ ಬಿಳಿಯ ಪುಡಿ ಕಾಣುವುದು ರೈತರೆಲ್ಲರಿಗೂ ತಿಳಿದ ವಿಷಯವಷ್ಟೆ. ಇದೇ ಬೂದಿರೋಗ. ಕಾಯಿ ಕಟ್ಟುವ ಕಾಲದಲ್ಲಿ ಇದು ಬಲಿತರೆ ಎಲೆಗಳು ಒಣಗಿ ಫಸಲು ಬಹಳ ಕುಗ್ಗುವುದು. ಗಂಧಕವು ಇದಕ್ಕೆ ರೂಢಿಯ ಮದ್ದು. ಆದರೆ ಬಿಸಿಲು ಹೆಚ್ಚಿದಾಗ ಸೌತೆ ಕುಂಬಳಗಳ ಎಲೆಗಳನ್ನು ಅದೇ ಸುಡುವುದುಂಟು.

ಈ ರೋಗವನ್ನುಂಟುಮಾಡುವ ಬೂಷ್ಟಿನ ಎಳೆಗಳು ಬಹುಮಟ್ಟಿಗೆ ಎಲೆಯ ಮೇಲೆಯೇ ಹಬ್ಬಿ, ಸಣ್ಣ ಹೀರುಗೊಳವೆಗಳನ್ನು ಮಾತ್ರ ಒಳಕ್ಕಿಳಿಸುತ್ತವೆ. ಆದುದರಿಂದ ಎಲೆಯ ಮೇಲೆ ಸಿಂಪಡಿಸಿದ ಪದಾರ್ಥವು ಅದಕ್ಕೆ ನೇರವಾಗಿ ತಗಲುವುದು. ಹುಳಿಮಜ್ಜಿಗೆಯು ಕೆಲಸಕ್ಕೆ ಬರುವುದು ಈ ಕಾರಣದಿಂದಲೇ.

ಹಾಲು ಹುಳಿಯಾಗುವುದು ಸೂಕ್ಷ್ಮಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರನು 1857ರಲ್ಲಿ ತೋರಿಸಿದನು. ಅವು ಹಾಲಿನ ಸಕ್ಕರೆಯನ್ನು ಕ್ಷೀರಾಮ್ಲವನ್ನಾಗಿ ಮಾರ್ಪಡಿಸುತ್ತವೆ. ಈ ಹುಳಿಯಲ್ಲಿ ಅನೇಕ ಬೂಷ್ಟುಗಳು ಸುಲಭವಾಗಿ ಬೆಳೆಯಲಾರವು. ಹುಳಿಯೊಂದೇ ಅಲ್ಲ. ಇಟಲಿಯ ವಿಜ್ಞಾನಿಗಳು ರೊಟ್ಟಿಯ ಹುಳಿಹಿಟ್ಟಿನಲ್ಲಿದ್ದ ಇಂತಹ ಒಂದು ಜೀವಿಯಿಂದ, ಬೂಷ್ಟನ್ನು ತಡೆಯುವ ಫೀನೈಲ್ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿ 2000ನೆಯ ಇಸವಿಯಲ್ಲಿ ಪ್ರಕಟಿಸಿದರು. ಆದರೂ ಬಹುದಿನ ಇಟ್ಟ ಮೊಸರಿನ ಮೇಲೆಯೇ ಬೂಷ್ಟು ಬರುವುದನ್ನು ಮನೆಯ ಹೆಂಗಸರು ಬಲ್ಲರು. ಇದರ ಶಕ್ತಿಗೂ ಒಂದು ಮೇರೆಯುಂಟು.

ಬ್ರೆಜಿಲ್ ದೇಶದ ವಾಗ್ನರ್ ಬೆಟ್ಟಿಯೋಲರು 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನೀರು ಬೆರೆಸಿದ ಹಸುವಿನ ಹಸಿಹಾಲೇ ಕುಂಬಳಜಾತಿಯ ಗಿಡಗಳ ಬೂದಿರೋಗವನ್ನು ತಡೆಯಿತು. ಹಾಲು ಬೆಲೆಯುಳ್ಳದ್ದು, ಬೆಣ್ಣೆ ತೆಗೆದು ಮಿಕ್ಕ ಮಜ್ಜಿಗೆಯಾದರೆ ಹಳ್ಳಿಯ ಮನೆಗಳಲ್ಲಿ ಸುಲಭವಾಗಿ ದೊರೆಯುವುದು.

ಉಪ್ಪು ಹಾಕದ ಮಜ್ಜಿಗೆಯನ್ನು ಮೂರು ನಾಲ್ಕು ದಿನ ಮಣ್ಣಿನ ಮಡಕೆಯಲ್ಲಿ ಹುಳಿಯಲು ಬಿಡಬೇಕು. ತಾಮ್ರ, ಹಿತ್ತಾಳೆಯ ಪಾತ್ರೆ ಕೂಡದು. ಒಂದು ಪಾಲು ಮಜ್ಜಿಗೆಗೆ ಒಂಬತ್ತು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಎರಡಾವೃತ್ತಿ ಸೋಸತಕ್ಕದ್ದು. ಇಲ್ಲವಾದರೆ ಬೆಣ್ಣೆಯ ಕಣಗಳು ಸಿಂಪಡಿಸುವ ಯಂತ್ರದ ಮೂತಿಯನ್ನು ಕಟ್ಟಿಬಿಡುವುವು. ಮೊದಲ ಚುಕ್ಕೆ ಕಂಡೊಡನೆ, ಬೆಳಗಿನ ಹೊತ್ತು, ಎಲೆಯ ಎರಡು ಮೈಗೂ ತಗಲುವಂತೆ ಸಿಂಪಡಿಸಿ, ವಾರಕ್ಕೊಮ್ಮೆಯೂ ಮಳೆ ಬಿದ್ದ ಮೇಲೂ ಪುನಃ ಮಾಡಬೇಕು. ಸುಣ್ಣ ಸೇರಿದ ಯಾವ ಮದ್ದನ್ನೂ ಇದರೊಡನೆ ಬೆರೆಸಕೂಡದು. ಸುಣ್ಣವು ಹುಳಿಯನ್ನು ಮುರಿಯುತ್ತದೆ. ರೋಗವು ತೋಟವನ್ನೆಲ್ಲ ಆವರಿಸಿದ ಮೇಲೆ ಮಜ್ಜಿಗೆಯನ್ನು ನೆಚ್ಚಿ ಕೂರುವುದು ಸರಿಯಲ್ಲ.

ಅಡಕೆಯ ಕೊಳೆರೋಗಕ್ಕೆ ಇದನ್ನು ಪ್ರಯೋಗಿಸಲೇಬಾರದು. ಅದು ಮಳೆಯಲ್ಲೇ ಹಬ್ಬುವ ಬೇರೊಂದು ಜಾತಿಯ ಜೀವಿಯಿಂದ ಬರತಕ್ಕದ್ದು. ಮೈಸೂರು ಸೀಮೆಯಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ನೂರು ವರ್ಷಗಳಿಗೂ ಹಿಂದೆ ಬಳಕೆಗೆ ತಂದ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆಯೇ ಗೊನೆಗಳಿಗೆ ಹೊಡೆಸತಕ್ಕದ್ದು.

ಗ್ರಾಮದ ಮುಖ್ಯಸ್ಥರು ತಮ್ಮ ಹೊಲದಲ್ಲಿ ಮೊದಲು ನಾಲ್ಕು ಸಾಲುಗಳಿಗೆ ಮಜ್ಜಿಗೆ ಸಿಂಪಡಿಸಿ, ಪಕ್ಕದ ಎರಡು ಸಾಲುಗಳನ್ನು ಹಾಗೆಯೇ ಬಿಟ್ಟು, ಕಾಯಿ ಕೊಯ್ಯುವಾಗ ಎರಡನ್ನೂ ಬೇರೆ ಬೇರೆ ತೂಗಿಸಿದರೆ ಊರಿನ ರೈತರು ಫಲವನ್ನು ಕಣ್ಣಾರೆ ಕಾಣಬಹುದು.