ಸ್ಟೀವ್ ಬ್ಲೂಮರ್: ವಾರಗೂಲಿಯ ಫುಟ್‌ಬಾಲ್ ಬದುಕು

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದ ಮೊದಲ ತಲೆಮಾರಿನವರಲ್ಲಿ ಸ್ಟೀವ್ ಬ್ಲೂಮರ್ ಅವರಷ್ಟು ಗೋಲು ಹೊಡೆದವರಿಲ್ಲ. 1892ರಿಂದ 1914ರವರೆಗೆ ಅವರು ಆಡಿದ್ದು ಡರ್ಬಿ ಕೌಂಟಿ ಮತ್ತು ಮಿಡಲ್ಸ್‌ಬರೊ ಎಂಬ ಎರಡೇ ಕ್ಲಬ್‌ಗಳಿಗೆ. ಲೀಗ್ ಪಂದ್ಯಗಳಲ್ಲಿ ಗಳಿಸಿದ ಗೋಲುಗಳು 350ಕ್ಕೂ ಹೆಚ್ಚು. ಇಂಗ್ಲೆಂಡ್ ತಂಡಕ್ಕೆ ಆಡಿದ 23 ಪಂದ್ಯಗಳಲ್ಲಿ 28 ಗೋಲು. ಇಷ್ಟೆಲ್ಲ ಮಾಡಿದ ಮನುಷ್ಯ ನಲವತ್ತು ದಾಟಿದ ಮೇಲೂ ದುಡಿಮೆ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಯಿತು. ಆ ಕಾಲದ ಆಟಗಾರನ ಬದುಕು ಹೇಗಿತ್ತೆಂದು ತಿಳಿಯಲು ಬ್ಲೂಮರ್ ಅವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅವರು ಹುಟ್ಟಿದ್ದು 1874ರ ಜನವರಿ 20ರಂದು, ವುಸ್ಟರ್‌ಶೈರ್‌ನ ಕ್ರ್ಯಾಡ್ಲಿಯಲ್ಲಿ. ಸರಪಳಿ, ಮೊಳೆ ಮಾಡುವ ಕಮ್ಮಾರಿಕೆಯೇ ಆ ಸೀಮೆಯ ಕಸುಬು. ತಂದೆಯೂ ಕಬ್ಬಿಣದ ಕೆಲಸದವರೇ. ಮಗ ಇನ್ನೂ ಚಿಕ್ಕವನಿದ್ದಾಗ ಸಂಸಾರ ಡರ್ಬಿಗೆ ಬಂದು ನೆಲೆಸಿತು. ರೈಲ್ವೆ ಕಾರ್ಖಾನೆ, ಎರಕದ ಕಾರ್ಖಾನೆಗಳ ಊರು ಅದು. ಓದು ಮುಗಿದ ಮೇಲೆ ಹುಡುಗ ಕುಲುಮೆಯಲ್ಲಿ ಸುತ್ತಿಗೆ ಹೊಡೆಯುವ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಊರಿನ ಸಣ್ಣ ತಂಡಗಳಿಗೆ ಆಡುತ್ತಿದ್ದ.

ಆಟಕ್ಕೆ ಸಂಬಳ ಎಂಬುದೇ ಆಗ ಹೊಸದು. ಆಟಗಾರರಿಗೆ ಹಣ ಕೊಡಬಹುದೆಂದು ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿದ್ದು 1885ರಲ್ಲಿ. ಮೂರು ವರ್ಷದ ನಂತರ ಹನ್ನೆರಡು ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಆ ಹನ್ನೆರಡರಲ್ಲಿ ಡರ್ಬಿ ಕೌಂಟಿಯೂ ಒಂದು. ಶನಿವಾರ ಮಧ್ಯಾಹ್ನ ಕಾರ್ಖಾನೆ ಮುಚ್ಚಿದೊಡನೆ ಕೆಲಸಗಾರರು ನೇರವಾಗಿ ಮೈದಾನಕ್ಕೆ ಬರುತ್ತಿದ್ದರು. ಅವರು ಕೊಟ್ಟ ಟಿಕೆಟ್ ಕಾಸಿನಿಂದಲೇ ಈ ಹೊಸ ಕಸುಬು ನಡೆಯುತ್ತಿತ್ತು. ಹದಿನೆಂಟರ ಬ್ಲೂಮರ್ 1892ರಲ್ಲಿ ಡರ್ಬಿ ಕೌಂಟಿ ಸೇರಿದಾಗ ಗೊತ್ತಾದ ಸಂಬಳ ವಾರಕ್ಕೆ ಏಳೂವರೆ ಶಿಲ್ಲಿಂಗ್. ಆ ಸೆಪ್ಟೆಂಬರ್‌ನಲ್ಲಿ ಸ್ಟೋಕ್ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದರು.

ಅವರು ಆಡಿದ ಫುಟ್‌ಬಾಲ್ ಇಂದಿನದಲ್ಲ. ಮುಂದಿನ ಸಾಲಿನಲ್ಲಿ ಐವರು, ಅವರ ಹಿಂದೆ ಮೂವರು, ಗೋಲ್‌ಕೀಪರ್ ಮುಂದೆ ಇಬ್ಬರು. ಮುಂದಿನ ಐವರಲ್ಲಿ ಮಧ್ಯದವನ ಬಲಗಡೆಗೆ ಆಡುವ ‘ಇನ್‌ಸೈಡ್ ರೈಟ್’ ಜಾಗ ಬ್ಲೂಮರ್ ಅವರದು. ಚೆಂಡು ಹಿಡಿಯುವವನ ಮತ್ತು ಎದುರಾಳಿಯ ಗೋಲಿನ ಗೆರೆಯ ನಡುವೆ ಆಗ ಮೂವರು ಎದುರಾಳಿಗಳು ಇರಲೇಬೇಕು, ಇಲ್ಲವಾದರೆ ಆಫ್‌ಸೈಡ್. ಅದು ಇಬ್ಬರಿಗೆ ಇಳಿದದ್ದು 1925ರಲ್ಲಿ. ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. 1912ರವರೆಗೂ ಅದಕ್ಕೆ ತಡೆಯಿರಲಿಲ್ಲ. ದಾರದಿಂದ ಹೊಲಿದ ತೊಗಲಿನ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಬ್ಲೂಮರ್ ಅವರ ಲೆಕ್ಕಗಳನ್ನು ಓದುವಾಗ ಇವನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗೋಲು ಹೊಡೆಯುವುದು ಆಗ ಸಸಾರದ ಕೆಲಸವಾಗಿರಲಿಲ್ಲ.

ನೋಡಲು ಅವರು ಪೈಲ್ವಾನರಲ್ಲ. ಮಧ್ಯಮ ಎತ್ತರ, ತೆಳು ಮೈ, ರಕ್ತವಿಲ್ಲದಂತೆ ಬಿಳಿಚಿದ ಮುಖ. ಚೆಂಡು ಕಾಲಿಗೆ ಬಂದೊಡನೆ, ಅದನ್ನು ನಿಲ್ಲಿಸಿ ಹದ ಮಾಡಿಕೊಳ್ಳದೆ, ಯಾವ ಕಾಲಿಗೆ ಬಂತೋ ಆ ಕಾಲಿನಿಂದಲೇ ಹೊಡೆಯುವುದು ಅವರ ರೀತಿ. ಹೊಡೆತ ಸಾಮಾನ್ಯವಾಗಿ ನೆಲಕ್ಕೆ ಅಂಟಿಕೊಂಡಂತೆ ಹೋಗಿ ಕಂಬದ ಮಗ್ಗುಲಲ್ಲಿ ಒಳನುಗ್ಗುತ್ತಿತ್ತು. ಇಂಥ ದಿಢೀರ್ ಹೊಡೆತಗಳಿಗಾಗಿಯೇ ‘ಸಂಹಾರದ ದೇವದೂತ’ ಎಂಬ ಅಡ್ಡಹೆಸರು ಬಂತು. ಈ ಕಾಲ್ಚಳಕವನ್ನು ತಿದ್ದಿದವರಲ್ಲಿ ಜಾನ್ ಗುಡಾಲ್ ಮುಖ್ಯರು. 1888-89ರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಸೋಲದ ಪ್ರೆಸ್ಟನ್ ತಂಡದಲ್ಲಿದ್ದು, ಆಮೇಲೆ ಡರ್ಬಿಗೆ ಬಂದ ಗುಡಾಲ್, ಹೊಡೆಯುವಷ್ಟೇ ಗಮನ ಕೊಟ್ಟು ಚೆಂಡು ಹಂಚುವುದನ್ನೂ ಹುಡುಗನಿಗೆ ಕಲಿಸಿದರು. ಡರ್ಬಿ ಕೌಂಟಿ 1895ರಿಂದ ಆಡಿದ ಮೈದಾನದ ಹೆಸರು ಬೇಸ್‌ಬಾಲ್ ಗ್ರೌಂಡ್. ಎರಕದ ಕಾರ್ಖಾನೆಯ ಮಾಲೀಕ ಫ್ರಾನ್ಸಿಸ್ ಲೇ ಅಮೆರಿಕದಲ್ಲಿ ನೋಡಿ ಬಂದ ಆಟಕ್ಕೆಂದು ಕಟ್ಟಿಸಿದ ಜಾಗ ಅದು. ಬೇಸಿಗೆಯಲ್ಲಿ ಗುಡಾಲ್ ಮತ್ತು ಬ್ಲೂಮರ್ ಇಬ್ಬರೂ ಅಲ್ಲಿ ಬೇಸ್‌ಬಾಲನ್ನೂ ಆಡಿದರು.

ಇಂಗ್ಲೆಂಡ್ ತಂಡದ ಕರೆ ಬಂದದ್ದು 1895ರ ಮಾರ್ಚ್‌ನಲ್ಲಿ, ಡರ್ಬಿ ಊರಿನಲ್ಲೇ ಐರ್ಲೆಂಡ್ ವಿರುದ್ಧ ನಡೆದ ಪಂದ್ಯಕ್ಕೆ. ಇಂಗ್ಲೆಂಡ್ 9-0ಯಿಂದ ಗೆದ್ದಿತು. ಅದರಲ್ಲಿ ಎರಡು ಬ್ಲೂಮರ್ ಅವರವು. ಮರುವರ್ಷ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಒಬ್ಬರೇ ಐದು ಹೊಡೆದರು. ಮೊದಲ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದರಲ್ಲೂ ಗೋಲಿಲ್ಲದೆ ಮರಳಲಿಲ್ಲ. ಆ ದಿನಗಳಲ್ಲಿ ಇಂಗ್ಲೆಂಡ್ ವರ್ಷಕ್ಕೆ ಮೂರೇ ಪಂದ್ಯ ಆಡುತ್ತಿತ್ತು, ಅದೂ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ಜೊತೆಗೆ ಮಾತ್ರ. 1907ರವರೆಗಿನ ಹನ್ನೆರಡು ವರ್ಷಗಳಲ್ಲಿ ಅವರಿಗೆ 23 ಪಂದ್ಯಗಳಷ್ಟೇ ಸಿಕ್ಕಿದ್ದಕ್ಕೆ ಇದೂ ಕಾರಣ. 28 ಗೋಲುಗಳ ದಾಖಲೆಯನ್ನು ವಿವಿಯನ್ ವುಡ್‌ವರ್ಡ್ 1911ರಲ್ಲಿ ದಾಟಿದರು.

ಕ್ಲಬ್ ಮಟ್ಟದಲ್ಲಿ ಐದು ಋತುಗಳಲ್ಲಿ ಮೊದಲ ಡಿವಿಷನ್‌ನ ಅತಿ ಹೆಚ್ಚು ಗೋಲುಗಳು ಅವರ ಹೆಸರಿನಲ್ಲಿದ್ದವು. ಡರ್ಬಿಗೆ ಮಾತ್ರ ದೊಡ್ಡ ಕಪ್ ಒಂದೂ ಒಲಿಯಲಿಲ್ಲ. 1898ರ ಎಫ್‌ಎ ಕಪ್ ಫೈನಲ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು 3-1ರ ಸೋಲು. ಅದಕ್ಕೆ ಕೆಲವೇ ದಿನ ಮೊದಲು ಅದೇ ಫಾರೆಸ್ಟ್ ತಂಡವನ್ನು ಲೀಗ್‌ನಲ್ಲಿ 5-0ಯಿಂದ ಬಡಿದಿದ್ದರು ಎಂಬುದು ಸೋಲಿನ ಕಹಿಯನ್ನು ಹೆಚ್ಚಿಸಿತು. ಮರುವರ್ಷ ಶೆಫೀಲ್ಡ್ ಯುನೈಟೆಡ್ ಎದುರು 4-1. 1903ರ ಫೈನಲ್‌ನಲ್ಲಿ ಗಾಯಗೊಂಡ ಬ್ಲೂಮರ್ ಆಡಲೇ ಇಲ್ಲ. ಬರಿ ಎಂಬ ಕ್ಲಬ್ ಡರ್ಬಿಯನ್ನು 6-0ಯಿಂದ ಮುಗಿಸಿತು.

ಹಣದ ವಿಷಯದಲ್ಲಿ ಆ ಕಾಲದ ಆಟಗಾರನ ಕೈ ಕಟ್ಟಿಹಾಕಿದ್ದವು ಎರಡು ಕಟ್ಟಳೆಗಳು. 1901ರಿಂದ ಯಾರಿಗೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಕರಾರು ಮುಗಿದರೂ ಕ್ಲಬ್ ಒಪ್ಪದೆ ಆಟಗಾರ ಬೇರೆ ಕ್ಲಬ್‌ಗೆ ಹೋಗುವಂತಿರಲಿಲ್ಲ. ಕುಲುಮೆಯ ಕೂಲಿಗೆ ಹೋಲಿಸಿದರೆ ನಾಲ್ಕು ಪೌಂಡ್ ಒಳ್ಳೆಯ ಸಂಪಾದನೆಯೇ ಸರಿ. ಆದರೆ ಮೈದಾನ ತುಂಬಿಸುವ ಆಟಗಾರನಿಗೂ ಮಿತಿ ಅದೇ. 1906ರ ಮಾರ್ಚ್‌ನಲ್ಲಿ ಹಣದ ಅಡಚಣೆಯಲ್ಲಿದ್ದ ಡರ್ಬಿ, ಬ್ಲೂಮರ್ ಅವರನ್ನು 750 ಪೌಂಡಿಗೆ ಮಿಡಲ್ಸ್‌ಬರೊಗೆ ಮಾರಿತು. ಒಬ್ಬ ಆಟಗಾರನಿಗೆ ಸಾವಿರ ಪೌಂಡ್ ತೆತ್ತ ಮೊದಲ ಕ್ಲಬ್ ಎಂದು ಮಿಡಲ್ಸ್‌ಬರೊ ಅದರ ಹಿಂದಿನ ವರ್ಷವಷ್ಟೇ ಸುದ್ದಿಯಾಗಿತ್ತು. ಆ ಆಟಗಾರ ಆಲ್ಫ್ ಕಾಮನ್. ಇಬ್ಬರೂ ಈಗ ಒಂದೇ ಸಾಲಿನಲ್ಲಿ ಆಡಿದರು. ಬ್ಲೂಮರ್ ಹೋದ ಮರುವರ್ಷವೇ ಡರ್ಬಿ ಎರಡನೇ ಡಿವಿಷನ್‌ಗೆ ಜಾರಿತು.

1910ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಅವರು ಡರ್ಬಿಗೆ ಮರಳಿದರು. ಈ ಮರಳಿಕೆ ಬರೀ ಅಭಿಮಾನಿಗಳ ಸಂತೋಷಕ್ಕಾಗಿ ಆಗಿರಲಿಲ್ಲ. 1912ರಲ್ಲಿ ತಂಡ ಎರಡನೇ ಡಿವಿಷನ್ ಗೆದ್ದು ಮೇಲಕ್ಕೇರಿತು. ಕೊನೆಯ ಪಂದ್ಯ 1914ರ ಜನವರಿ 31ರಂದು. ನಲವತ್ತು ತುಂಬಿ ಹನ್ನೊಂದು ದಿನವಾಗಿತ್ತು.

ಅಷ್ಟು ವರ್ಷ ಮಾಡಿದ ಕಸುಬು ಫುಟ್‌ಬಾಲ್ ಒಂದೇ. ಹಾಗಾಗಿ ಬರ್ಲಿನ್‌ನ ಬ್ರಿಟಾನಿಯಾ ಕ್ಲಬ್‌ಗೆ ತರಬೇತಿ ಕೊಡುವ ಕೆಲಸ ಸಿಕ್ಕಾಗ 1914ರ ಜುಲೈನಲ್ಲಿ ಜರ್ಮನಿಗೆ ಹೊರಟರು. ವಾರಗಳಲ್ಲೇ ಮಹಾಯುದ್ಧ ಶುರುವಾಯಿತು. ನವೆಂಬರ್‌ನಲ್ಲಿ ಜರ್ಮನ್ ಸರ್ಕಾರ ಬ್ರಿಟಿಷ್ ಗಂಡಸರನ್ನು ಹಿಡಿದು ಬರ್ಲಿನ್ ಪಕ್ಕದ ರೂಲೇಬೆನ್ ರೇಸ್‌ಕೋರ್ಸಿನಲ್ಲಿ ಕೂಡಿಹಾಕಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕುದುರೆ ಲಾಯಗಳಲ್ಲಿ ಮಲಗಬೇಕಾಯಿತು. ಬ್ಲೂಮರ್ ಜೊತೆಗೆ ಅಲ್ಲಿ ಸಿಕ್ಕಿಬಿದ್ದವರಲ್ಲಿ ಇಂಗ್ಲೆಂಡ್‌ಗೆ ಆಡಿದ್ದ ಫ್ರೆಡ್ ಪೆಂಟ್‌ಲೆಂಡ್, ಸ್ಯಾಮ್ ವುಲ್‌ಸ್ಟನ್‌ಹೋಮ್, ಸ್ಕಾಟ್ಲೆಂಡ್‌ನ ಜಾನ್ ಕ್ಯಾಮರೂನ್ ಇದ್ದರು. ಇವರೆಲ್ಲರೂ ತರಬೇತುದಾರರಾಗಿ ಜರ್ಮನಿಗೆ ಬಂದವರೇ. ಹಸಿವು, ಚಳಿ, ಬೇಸರದ ನಡುವೆ ಈ ಜನ ಕ್ಯಾಂಪಿನಲ್ಲೇ ಒಂದು ಫುಟ್‌ಬಾಲ್ ಸಂಸ್ಥೆ ಕಟ್ಟಿ, ಕುದುರೆ ಓಟದ ಹಾದಿಯ ನಡುವಿನ ಬಯಲಿನಲ್ಲಿ ಲೀಗ್ ಮತ್ತು ಕಪ್ ಪಂದ್ಯಗಳನ್ನು ನಡೆಸಿದರು. 1915ರ ಮೇನಲ್ಲಿ ‘ಇಂಗ್ಲೆಂಡ್’ ಮತ್ತು ‘ವಿಶ್ವ’ ತಂಡಗಳ ನಡುವೆ ಒಂದು ಪಂದ್ಯವೂ ಆಯಿತು. ಬ್ಲೂಮರ್ ಫುಟ್‌ಬಾಲ್ ಆಡಿದರು, ಕ್ರಿಕೆಟ್ ಆಡಿದರು, ಕಿರಿಯರಿಗೆ ಹೇಳಿಕೊಟ್ಟರು. ಬಿಡುಗಡೆ ಸಿಕ್ಕಿದ್ದು 1918ರಲ್ಲಿ, ತಟಸ್ಥವಾಗಿದ್ದ ನೆದರ್‌ಲೆಂಡ್ಸ್‌ಗೆ. ಅಲ್ಲೂ ಆಮ್‌ಸ್ಟರ್‌ಡ್ಯಾಮ್‌ನ ಬ್ಲಾವ್-ವಿಟ್ ತಂಡಕ್ಕೆ ತರಬೇತಿ ಕೊಟ್ಟರು.

ಆಟಗಾರನಾಗಿ ಸಿಗದ ಕಪ್ ಅವರಿಗೆ ತರಬೇತುದಾರನಾಗಿ ಸಿಕ್ಕಿತು. 1923ರಲ್ಲಿ ಸ್ಪೇನಿನ ಗಡಿಯೂರು ಇರೂನ್‌ನ ರಿಯಲ್ ಯೂನಿಯನ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಬಾರ್ಸಿಲೋನಾವನ್ನು ಸೆಮಿಫೈನಲ್‌ನಲ್ಲಿ ದಾಟಿ ಬಂದ ತಂಡ, 1924ರ ಮೇನಲ್ಲಿ ಸಾನ್ ಸೆಬಾಸ್ಟಿಯನ್‌ನಲ್ಲಿ ನಡೆದ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 1-0ಯಿಂದ ಸೋಲಿಸಿ ಸ್ಪೇನಿನ ರಾಜರ ಕಪ್ ಎತ್ತಿತು. ಅದರ ಹಿಂದಿನ ವರ್ಷ ಅದೇ ಕಪ್ ಗೆದ್ದ ಬಿಲ್ಬಾವೊದ ಅಥ್ಲೆಟಿಕ್ ತಂಡವನ್ನು ತಯಾರು ಮಾಡಿದ್ದವರು ರೂಲೇಬೆನ್ ಸಂಗಾತಿ ಪೆಂಟ್‌ಲೆಂಡ್. ಸ್ಪೇನಿನ ಉತ್ತರ ಭಾಗದ ಫುಟ್‌ಬಾಲ್ ಬೆಳೆದ ಬಗೆಯಲ್ಲಿ ಈ ಇಬ್ಬರು ಇಂಗ್ಲಿಷರ ಪಾಲು ದೊಡ್ಡದು.

ಆಮೇಲಿನ ವರ್ಷಗಳನ್ನು ಬ್ಲೂಮರ್ ಬೇಸ್‌ಬಾಲ್ ಗ್ರೌಂಡ್‌ನಲ್ಲಿ ಮೈದಾನ ನೋಡಿಕೊಳ್ಳುತ್ತ, ಸಣ್ಣಪುಟ್ಟ ಕೆಲಸ ಮಾಡುತ್ತ ಕಳೆದರು. ಆರೋಗ್ಯ ಕೆಟ್ಟಾಗ ಹವೆ ಬದಲಾವಣೆಗೆಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಗೆ ಹಡಗಿನ ಪ್ರಯಾಣ ಮಾಡಿಬಂದರು. ಮರಳಿ ಬಂದ ಕೆಲವೇ ದಿನಗಳಲ್ಲಿ, 1938ರ ಏಪ್ರಿಲ್ 16ರಂದು, ಡರ್ಬಿಯಲ್ಲಿ ತೀರಿಕೊಂಡರು. ಡರ್ಬಿ ಕೌಂಟಿಯ ಇಂದಿನ ಮೈದಾನ ಪ್ರೈಡ್ ಪಾರ್ಕ್‌ನಲ್ಲಿ 2009ರಿಂದ ಅವರ ಎದೆಮಟ್ಟದ ಪ್ರತಿಮೆಯಿದೆ. ಪಂದ್ಯಕ್ಕೆ ಮುನ್ನ ಅವರ ಹೆಸರಿನ ಹಾಡು ಮೊಳಗುತ್ತದೆ. ಇಂಗ್ಲೆಂಡಿನ ಅತ್ಯುನ್ನತ ಡಿವಿಷನ್‌ನ ಗೋಲು ಪಟ್ಟಿಯಲ್ಲಿ ಅವರಿಗಿಂತ ಮೇಲಿರುವವರು ಜಿಮ್ಮಿ ಗ್ರೀವ್ಸ್ ಒಬ್ಬರೇ. ಡರ್ಬಿ ಕೌಂಟಿಗೆ ಅವರು 525 ಪಂದ್ಯಗಳಲ್ಲಿ ಹೊಡೆದ ಗೋಲುಗಳು 332. ಕ್ಲಬ್‌ನ ಪಟ್ಟಿಯಲ್ಲಿ ಎರಡನೆಯವರಾದ ಕೆವಿನ್ ಹೆಕ್ಟರ್ ಗಳಿಸಿದ್ದು 201.