ಗೃಹಿಣಿಗೂ ಬೇಕು ಒಂದು ಕೃತಿ ಸಂಪುಟ

"ನೀವು ಏನ್ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಏನಿಲ್ರೀ, ಮನ್ಯಾಗ ಇರ್ತೀನ್ರಿ."

ಮುಧೋಳದ ತಿಮ್ಮಾಪುರವಿರಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಯಿರಲಿ, ಜಮಖಂಡಿ, ಬೀಳಗಿಯ ಪೇಟೆಯಿರಲಿ, ಈ ಮಾತು ಬದಲಾಗುವುದಿಲ್ಲ. ಹೀಗೆ ಹೇಳುವ ಸೋದರಿ ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟು, ಮಧ್ಯಾಹ್ನ ಓಣಿಯವರ ಜಂಪರ್ ಹೊಲಿದು, ಸಂಜೆ ಸ್ವಸಹಾಯ ಸಂಘದ ಲೆಕ್ಕ ಬರೆದಿರುತ್ತಾಳೆ. ಇಷ್ಟೆಲ್ಲ ಬಲ್ಲವಳು "ಏನಿಲ್ಲ" ಎನ್ನುವುದೇಕೆ? ಸಂಕೋಚ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ತಾನು ಬಲ್ಲ ಕೆಲಸಕ್ಕೆ ಅವಳ ಹತ್ತಿರ ಒಂದು ಚೂರು ದಾಖಲೆಯೂ ಇಲ್ಲ.

ದಾಖಲೆ ಬೇಕಾಗುವ ದಿನ ಮಾತ್ರ ಹೇಳಿ ಕೇಳಿ ಬರುವುದಿಲ್ಲ. ಮಗ್ಗ ನಿಂತುಹೋಗಬಹುದು, ಯಜಮಾನರು ಹಾಸಿಗೆ ಹಿಡಿಯಬಹುದು, ಮಗಳ ಕಾಲೇಜಿಗೆ ಹಣ ಹೊಂದಿಸಬೇಕಾಗಬಹುದು. ಆಗ ಹೊಲಿಗೆಯ ಮೇಲೆ ಸಾಲ ಕೇಳಲು ಹೋದರೆ, "ಎಷ್ಟು ವರ್ಷದ ಅನುಭವ? ಏನಾದರೂ ತೋರಿಸಿ" ಎನ್ನುತ್ತಾರೆ. ಹತ್ತು ವರ್ಷ ಹೊಲಿದ ಕೈಗಳಿವೆ, ತೋರಿಸಲು ಕಾಗದವಿಲ್ಲ. ಈ ಕೊರತೆಯನ್ನು ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ತುಂಬಿಕೊಳ್ಳಬಹುದು. ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮಕ್ಕಳ ಶಾಲೆಯ ಮಾತು

'ಕೃತಿ ಸಂಪುಟ' ಎಂಬ ಮಾತನ್ನು ನೀವು ಮಕ್ಕಳ ಶಾಲೆಯಲ್ಲಿ ಕೇಳಿರಬಹುದು. ಮಗುವಿನ ಕಲಿಕೆಯನ್ನು ನಿರಂತರವಾಗಿ, ಎಲ್ಲ ಕಡೆಯಿಂದಲೂ ಅಳೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ನಮ್ಮ ಶಾಲೆಗಳಲ್ಲಿ ಆ ಪದ್ಧತಿ ಬಂದಾಗ ಮಗು ಬಿಡಿಸಿದ ಚಿತ್ರ, ಬರೆದ ಪುಟ್ಟ ಕಥೆ, ಮಾಡಿದ ಲೆಕ್ಕ, ಕತ್ತರಿಸಿ ಅಂಟಿಸಿದ ಕಾಗದ ಎಲ್ಲವನ್ನೂ ಒಂದು ಕಡತದಲ್ಲಿ ಕೂಡಿಡುವ ರೂಢಿ ಬೆಳೆಯಿತು. ಅದೇ ಕೃತಿ ಸಂಪುಟ. ಜೂನ್ ತಿಂಗಳ ಅಕ್ಷರವನ್ನೂ ಮಾರ್ಚ್ ತಿಂಗಳ ಅಕ್ಷರವನ್ನೂ ಪಕ್ಕಪಕ್ಕ ಇಟ್ಟರೆ ಮಗು ಎಷ್ಟು ಕಲಿತಿದೆ ಎಂಬುದು ತಾಯಿಗೇ ಕಾಣುತ್ತದೆ. ಬರೀ ಅಂಕಪಟ್ಟಿ ಇದನ್ನು ಹೇಳಲಾರದು.

ಇದನ್ನೇ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಇಟ್ಟರೆ ಅದು ಎಲೆಕ್ಟ್ರಾನಿಕ್ ಕೃತಿ ಸಂಪುಟ. ಇಂಗ್ಲಿಷಿನವರ ಬಾಯಲ್ಲಿ 'ಇ-ಪೋರ್ಟ್‌ಫೋಲಿಯೊ'. ದೂರದ ನ್ಯೂಜಿಲೆಂಡಿನಲ್ಲಿ 2006ರಲ್ಲಿ ಇದಕ್ಕೆಂದೇ ಒಂದು ಸಾಧನ ರೂಪಿಸುವ ಕೆಲಸ ಆರಂಭವಾಯಿತು. ಅದರ ಹೆಸರು 'ಮಹಾರಾ'. ಅಲ್ಲಿನ ಮೂಲನಿವಾಸಿ ಮಾವೋರಿ ಜನರ ಭಾಷೆಯಲ್ಲಿ ಹಾಗೆಂದರೆ 'ಆಲೋಚಿಸು'. ಹೆಸರು ತಕ್ಕದ್ದಾಗಿಯೇ ಇದೆ. ಕೃತಿ ಸಂಪುಟವೆಂದರೆ ಸರ್ಟಿಫಿಕೇಟುಗಳ ಕಟ್ಟು ಮಾತ್ರವಲ್ಲ. ನಾನು ಏನು ಕಲಿತೆ, ಇನ್ನೇನು ಕಲಿಯಬೇಕು ಎಂದು ಆಲೋಚಿಸಿ ಬರೆದಿಟ್ಟ ಮಾತೂ ಅದರಲ್ಲಿ ಇರಬೇಕು.

ಟ್ರಂಕಿನ ಕಾಗದ ನೀರು ಪಾಲು

"ಟ್ರಂಕಿನ್ಯಾಗ ಎಲ್ಲಾ ಜ್ವಾಕಿಯಿಂದ ಇಟ್ಟೀನಿ" ಎನ್ನುವ ಅಕ್ಕಂದಿರೂ ಇದ್ದಾರೆ. ಆದರೆ 2019ರ ಆಗಸ್ಟ್ ತಿಂಗಳನ್ನು ನಮ್ಮ ಸೀಮೆಯವರು ಮರೆತಿಲ್ಲ. ಘಟಪ್ರಭೆ ಮುಧೋಳದ ಹಳ್ಳಿಗಳಿಗೆ, ಕೃಷ್ಣೆ ಜಮಖಂಡಿಯ ಹಳ್ಳಿಗಳಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಹೊರಬಂದ ಸಂಸಾರಗಳೆಷ್ಟು! ಅದಕ್ಕೂ ಮೊದಲು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಬೀಳಗಿ ತಾಲ್ಲೂಕಿನ ಹಳ್ಳಿಗಳು ಸ್ಥಳಾಂತರವಾದವು. ಇಂಥ ಹೊತ್ತಿನಲ್ಲಿ ಹೆಣ್ಣುಮಗಳು ಮಕ್ಕಳನ್ನು ಎತ್ತಿಕೊಳ್ಳುತ್ತಾಳೆಯೇ ಹೊರತು ತನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನಲ್ಲ. ಅಂಕಪಟ್ಟಿ ಫೋನಿನ ಮೂಲಕ ಬೇರೊಂದು ಕಡೆಯೂ ಭದ್ರವಾಗಿದ್ದರೆ ಅಷ್ಟರಮಟ್ಟಿಗೆ ಮನಸ್ಸಿಗೆ ನೆಮ್ಮದಿ.

ಮೊದಲ ಭಾಗ: ಪ್ರಮಾಣಪತ್ರಗಳು

2023ರಲ್ಲಿ ಗೃಹಲಕ್ಷ್ಮಿ ಯೋಜನೆಗೆ ಹೆಸರು ಬರೆಸಲು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಹಿಡಿದು ನೀವು ಸಾಲಿನಲ್ಲಿ ನಿಂತಿದ್ದೀರಲ್ಲವೇ? ಹಾಗಿದ್ದರೆ ಅರ್ಧ ಕೆಲಸ ನಿಮಗೆ ಗೊತ್ತಿದ್ದದ್ದೇ.

ಕೇಂದ್ರ ಸರ್ಕಾರ 2015ರಲ್ಲಿ 'ಡಿಜಿಲಾಕರ್' ಆರಂಭಿಸಿತು. ಇದು ಕಾಗದಪತ್ರ ಇಡುವ ಉಚಿತ ಪೆಟ್ಟಿಗೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಇದ್ದರೆ ಸಾಕು. ನಂಬರಿಗೆ ಬರುವ ಓಟಿಪಿ ಹಾಕಿ, ಆರು ಅಂಕಿಯ ಗುಟ್ಟಿನ ಸಂಖ್ಯೆ ಇಟ್ಟುಕೊಂಡರೆ ಪೆಟ್ಟಿಗೆ ನಿಮ್ಮದು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಇದರಲ್ಲಿ ದೊರೆಯುತ್ತದೆ. ಬಹಳ ಹಳೆಯ ವರ್ಷದ್ದು ಸಿಗದಿದ್ದರೆ ಓದಿದ ಶಾಲೆಯಲ್ಲಿ ವಿಚಾರಿಸಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಕೊಟ್ಟ ಇಲಾಖೆಯಿಂದಲೇ ನೇರವಾಗಿ ಡಿಜಿಲಾಕರಿಗೆ ಬಂದ ಪತ್ರ ಬೇರೆ, ನೀವೇ ಫೋಟೋ ತೆಗೆದು ಹಾಕಿದ ಪತ್ರ ಬೇರೆ. 2017ರ ಫೆಬ್ರವರಿಯಲ್ಲಾದ ನಿಯಮ ತಿದ್ದುಪಡಿಯ ಪ್ರಕಾರ ಮೊದಲನೆಯದು ಮೂಲ ಪತ್ರಕ್ಕೆ ಸಮಾನ. ಎರಡನೆಯದು ಬರೀ ನಕಲು. ಆದ್ದರಿಂದ ಮೂಲ ಕಾಗದವನ್ನು ಬಿಸಾಡಬೇಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ಎರಡೂ ಹೊಂದದಿದ್ದರೆ ಪೆಟ್ಟಿಗೆ ಪತ್ರವನ್ನು ಕೊಡದೆ ಹೋಗಬಹುದು. ಮದುವೆಯ ನೋಂದಣಿ ಪತ್ರವನ್ನು ಜೊತೆಗಿಟ್ಟುಕೊಳ್ಳಿ. ಹೆಸರು ಸರಿಪಡಿಸುವ ಕೆಲಸವನ್ನು ಅವಸರದ ದಿನಕ್ಕೆ ಬಿಡಬೇಡಿ.

ಎರಡನೆಯ ಭಾಗ: ಕೈಕೆಲಸ

ಇದೇ ಸಂಪುಟದ ಜೀವಾಳ. ಗೂಗಲ್ ಡ್ರೈವ್‌ನಂಥ ಕಡೆ ಒಂದು ಫೋಲ್ಡರ್ ತೆರೆದು ನಿಮ್ಮ ಹೆಸರಿಡಿ. ಅದರೊಳಗೆ ಹೊಲಿಗೆ, ಅಡಿಗೆ, ಕಸೂತಿ, ಸಂಘದ ಲೆಕ್ಕ ಎಂದು ಬೇರೆ ಬೇರೆ ಖಾನೆ ಮಾಡಿ. ಫೋನ್ ಕಳೆದರೂ ಕೆಟ್ಟರೂ ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಇವು ಮತ್ತೆ ಸಿಗುತ್ತವೆ. ಖಾತೆಯ ಹೆಸರನ್ನೂ ಗುಟ್ಟಿನ ಪದವನ್ನೂ ನೆನಪಿಡುವುದು ನಿಮ್ಮ ಜವಾಬ್ದಾರಿ.

ಫೋಟೋ ತೆಗೆಯುವಾಗ ಕೆಲಸದ ಗುಣ ಕಾಣುವಂತೆ ತೆಗೆಯಿರಿ. ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆ ಅದರಲ್ಲಿವೆ. ಗವಂತಿ, ಮುರ್ಗಿಗಳಲ್ಲಿ ಗಂಟು ಹಾಕದೆ, ಎಳೆ ಎಣಿಸಿ ಹಾಕಿದ ಹೊಲಿಗೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಹಾಗಾದರೆ ಸೀರೆಯ ಮುಂಭಾಗದ ಫೋಟೋ ಒಂದೇ ಸಾಲದು, ಹಿಂಭಾಗದ್ದೂ ಇರಲಿ. ಬಲ್ಲವರು ಮೊದಲು ನೋಡುವುದು ಹಿಂಭಾಗವನ್ನೇ. ಜಂಪರ್ ಆದರೆ ಕತ್ತರಿಸಿದ ತುಂಡು, ಒಳಗಿನ ಹೊಲಿಗೆ, ಮುಗಿದ ಮೇಲಿನ ರೂಪ ಹೀಗೆ ಮೂರು ಫೋಟೋ. ತಾರೀಖು ತಪ್ಪದೆ ಬರೆಯಿರಿ.

ಬರೆಯೋದು ಹ್ಯಾಗೆ?

ಪ್ರತಿ ಕೆಲಸಕ್ಕೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ.

1. ಏನು ಮಾಡಿದೆ, ಎಷ್ಟು ಮಾಡಿದೆ?
2. ಯಾರಿಂದ, ಹೇಗೆ ಕಲಿತೆ?
3. ಎಲ್ಲಿ ತೊಂದರೆಯಾಯಿತು, ಹೇಗೆ ಸರಿಪಡಿಸಿದೆ?
4. ಮುಂದೆ ಏನು ಕಲಿಯಬೇಕು?

ಓಣಿಯ ಮದುವೆಗೆ ನೀವು ಶೇಂಗಾ ಹೋಳಿಗೆ ಮಾಡಿಕೊಟ್ಟಿರಿ ಎಂದಿಟ್ಟುಕೊಳ್ಳಿ. ಹೀಗೆ ಬರೆಯಬಹುದು: "ಇನ್ನೂರು ಹೋಳಿಗೆ ಮಾಡಿದೆ, ಇಬ್ಬರು ಕೈಗೂಡಿಸಿದರು. ಅತ್ತೆಯಿಂದ ಕಲಿತದ್ದು. ಮೊದಲ ಇಪ್ಪತ್ತು ಒಡೆದವು, ಬೆಲ್ಲ ಸರಿಯಾಗಿ ಪುಡಿಯಾಗಿರಲಿಲ್ಲ. ಹೂರಣವನ್ನು ಇನ್ನೊಮ್ಮೆ ನುಣ್ಣಗೆ ಮಾಡಿಕೊಂಡ ಮೇಲೆ ಸರಿಹೋಯಿತು. ಸಾಮಾನಿನ ಖರ್ಚು, ಉಳಿದ ಹಣ ಬರೆದಿದ್ದೇನೆ. ಕೆಡದ ಹಾಗೆ ಪ್ಯಾಕ್ ಮಾಡುವುದನ್ನು ಕಲಿಯಬೇಕು."

ನೋಡಿ, ಐದಾರು ಸಾಲಿನಲ್ಲಿ ಎಷ್ಟು ಸಂಗತಿ ಬಂತು! ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಕೆಟ್ಟದ್ದನ್ನು ಸರಿಪಡಿಸಿದ್ದನ್ನು ಓದಿದವರಿಗೆ ನಿಮ್ಮ ಅನುಭವ ನಿಜವೆಂದು ತಿಳಿಯುತ್ತದೆ. ಆರು ತಿಂಗಳಿಗೊಮ್ಮೆ ಹಿಂದಿನದನ್ನು ತಿರುವಿ ಓದಿದರೆ ನೀವು ಎಷ್ಟು ಮುಂದೆ ಬಂದಿದ್ದೀರಿ ಎಂಬುದು ನಿಮಗೂ ತಿಳಿಯುತ್ತದೆ.

ಟೈಪ್ ಮಾಡಲು ಬೇಸರವೇ? ಫೋನಿನ ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಅಲ್ಲಲ್ಲಿ ತಪ್ಪಾಗಿ ಬಿದ್ದರೆ ಆಮೇಲೆ ತಿದ್ದಿಕೊಂಡರಾಯಿತು.

ಇದರಿಂದ ಬರುವುದೇನು?

ಸಂಪುಟ ಇದ್ದ ಮಾತ್ರಕ್ಕೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಧೈರ್ಯವಾಗಿ ಮಾತಾಡಲು ಅದು ಆಧಾರ. ಕೆಲವು ಬಾಗಿಲುಗಳು ಇವು.

ಶಾಲೆಗೆ ಹೋಗದೆ ಕೈಯಿಂದ ಕಲಿತ ಕೆಲಸವನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಅದಕ್ಕೆ 'ಪೂರ್ವ ಕಲಿಕೆಯ ಮಾನ್ಯತೆ' ಎನ್ನುತ್ತಾರೆ. ಪರೀಕ್ಷಿಸುವವರು ನಿಮ್ಮ ಕೈಕೆಲಸವನ್ನು ಕಣ್ಣಾರೆ ನೋಡುತ್ತಾರೆ. ನಿಮ್ಮ ಅನುಭವವನ್ನು ಹೇಳಲು ಸಂಪುಟ ನೆರವಾಗುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿವರೆಗೆ ಸಲಕರಣೆಯ ನೆರವು, ಕಡಿಮೆ ಬಡ್ಡಿಯ ಸಾಲ ಇವೆಲ್ಲ ಅದರಲ್ಲಿವೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ನೇಯ್ಗೆ ಈ ಪಟ್ಟಿಯಲ್ಲಿಲ್ಲ. ಕಸೂತಿಯಂಥ ಕರಕುಶಲ ಕೆಲಸದವರಿಗೆ ಕೇಂದ್ರದ ಕರಕುಶಲ ಇಲಾಖೆ 'ಪೆಹಚಾನ್' ಎಂಬ ಗುರುತಿನ ಚೀಟಿ ಕೊಡುತ್ತದೆ.

ತರಬೇತಿಯೇ ಬೇಕೆನ್ನುವವರಿಗೆ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಇವನ್ನು ನಡೆಸುತ್ತವೆ. ಓದು ಅರ್ಧಕ್ಕೆ ನಿಂತವರಿಗೆ ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಇಂಥಲ್ಲಿ ಪಡೆದ ಪ್ರತಿಯೊಂದು ಪತ್ರವೂ ನಿಮ್ಮ ಸಂಪುಟ ಸೇರಲಿ.

ಎಚ್ಚರ ತಪ್ಪಬೇಡಿ

ಓಟಿಪಿಯನ್ನೂ ಗುಟ್ಟಿನ ಸಂಖ್ಯೆಯನ್ನೂ ಯಾರಿಗೂ ಹೇಳಬೇಡಿ. ಕಂಪ್ಯೂಟರ್ ಅಂಗಡಿಯ ಹುಡುಗ ಎಷ್ಟೇ ಪರಿಚಿತನಾದರೂ ಸಂಖ್ಯೆಯನ್ನು ನೀವೇ ಒತ್ತಿ. ಕೆಲಸ ಮುಗಿದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ನಿಮ್ಮ ಖಾತೆಯನ್ನು ಮುಚ್ಚಿಸಿಯೇ ಹೊರಡಿ. ಆಧಾರ್, ಪಾಸ್‌ಬುಕ್‌ಗಳ ಫೋಟೋವನ್ನು ಇತರರಿಗೆ ತೋರಿಸುವ ಫೋಲ್ಡರಿನಲ್ಲಿ ಇಡಬೇಡಿ. ಜಂಪರ್ ತೊಟ್ಟ ಗಿರಾಕಿಯ ಫೋಟೋ ಬೇಕಾದರೆ ಅವರ ಒಪ್ಪಿಗೆ ಕೇಳಿ. ಇಲ್ಲವಾದರೆ ಬಟ್ಟೆಯ ಫೋಟೋ ಸಾಕು. ಹಣಕ್ಕೆ ಮೋಸವಾಯಿತೆಂದು ಕಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಮನೆಗೆಲ್ಲ ಒಂದೇ ಫೋನ್ ಇದ್ದು, ಅದು ಯಜಮಾನರ ಜೇಬಿನಲ್ಲಿರುತ್ತದೆಯೇ? ಖಾತೆಯಾದರೂ ನಿಮ್ಮ ಹೆಸರಿನಲ್ಲೇ ಇರಲಿ. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಫೋನ್ ಕೇಳಿ ಪಡೆಯಿರಿ. ಯಾತಕ್ಕೆಂದು ತಿಳಿಸಿ ಹೇಳಿದರೆ ಬೇಡವೆನ್ನುವವರು ಕಡಿಮೆ.

"ಸೊಸಿ ಹೊತ್ತು ಮುಳುಗೂತನಾ ಮೊಬೈಲ್ ಹಿಡ್ಕೊಂಡ್ ಕುಂದರ್ತಾಳ" ಎಂದು ಅತ್ತೆ ಗೊಣಗಬಹುದು. ಅದಕ್ಕೂ ಉಪಾಯವಿದೆ. "ಅತ್ತೀ, ನೀವು ಕೌದಿ ಹೊಲಿಯೋದು ಒಮ್ಮೆ ತೋರಸ್ರಿ, ನಾ ಫೋಟೋ ತಗೀತೀನಿ" ಎನ್ನಿ. ಯಾವ ಹಳೆ ಸೀರೆ ಮೇಲೆ, ಯಾವುದು ಕೆಳಗೆ, ಹೊಲಿಗೆ ಎಲ್ಲಿಂದ ಹೊರಡಬೇಕು ಎಂದು ಅವರೇ ಉತ್ಸಾಹದಿಂದ ಹೇಳುತ್ತಾರೆ. 'ಯಾರಿಂದ ಕಲಿತೆ?' ಎಂಬ ಪ್ರಶ್ನೆಗೆ ಅತ್ತೆಯ ಹೆಸರು ಬರೆದು ಅವರಿಗೆ ಓದಿ ಹೇಳಿ. ಅವರ ಕೈಯ ವಿದ್ಯೆಯನ್ನೂ ಇದುವರೆಗೆ ಯಾರೂ ಬರೆದಿಟ್ಟಿರಲಿಲ್ಲ.

ಈ ಹದಿನೈದು ದಿನದಲ್ಲಿ ಮೂರೇ ಕೆಲಸ ಮಾಡಿ. ಡಿಜಿಲಾಕರ್ ತೆರೆಯಿರಿ. ನಿಮ್ಮ ಹೆಸರಿನ ಫೋಲ್ಡರ್ ಮಾಡಿ. ಚೆನ್ನಾಗಿ ಬಲ್ಲ ಒಂದು ಕೆಲಸದ ಮೂರು ಫೋಟೋ ತೆಗೆದು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಆಮೇಲೆ ತಿಂಗಳಿಗೊಂದು ಸೇರಿಸಿದರೂ ವರ್ಷಕ್ಕೆ ಹನ್ನೆರಡಾಗುತ್ತವೆ. ಮುಂದಿನ ಸಲ ಯಾರಾದರೂ "ಏನ್ ಮಾಡ್ತೀರಿ?" ಎಂದಾಗ ಫೋನ್ ತೆರೆದು, "ಬರ್‍ರಿ, ತೋರಸ್ತೀನಿ" ಎನ್ನಿ.